ಸದ್ದಿಲ್ಲದ ಹನ್ನೊಂದು ನಿಮಿಷ

ಆಂಬುಲೆನ್ಸ್ ಕರೆಗಳ ಕೋಣೆಯಲ್ಲಿ ಹನ್ನೊಂದು ನಿಮಿಷದಿಂದ ಒಂದೇ ಒಂದು ಫೋನೂ ಹೊಡೆದುಕೊಂಡಿಲ್ಲ ಎಂಬುದು ಸಾಫ್ಟ್‌ವೇರ್ ನೋಡಿಕೊಳ್ಳುವವಳ ತಲೆಗೆ ಹೊಳೆದಾಗ, ಕರೆ ತೆಗೆದುಕೊಳ್ಳುವ ಆರೂ ಮಂದಿ ಹರಟೆಯಲ್ಲಿ ಮುಳುಗಿದ್ದರು. "ಇವತ್ತು ಊರಿಗೆ ಊರೇ ಗಟ್ಟಿಮುಟ್ಟಾಗಿದೆ ಕಣ್ರೋ," ಎಂದು ಅವರಲ್ಲಿ ಹಿರಿಯಳಾದ ಅಕ್ಕ ಕಾಲು ಚಾಚಿದಳು. "ಸುಮ್ನಿರಕ್ಕ, ನಿನ್ನ ಕಣ್ಣೇ ಬಿದ್ದೀತು," ಎಂದು ಪಕ್ಕದವನು ನಕ್ಕ.

ಸಾಫ್ಟ್‌ವೇರ್‌ನವಳಿಗೆ ನಗು ಬರಲಿಲ್ಲ. ಪರದೆಯ ಮೇಲೇನೋ ಎಲ್ಲವೂ ಹಸಿರಾಗಿತ್ತು. ಏನಾದರೂ ಕೆಟ್ಟರೆ ಕಿವಿ ಹರಿಯುವಂತೆ ಕೂಗುವ ಅಲಾರಂ ತೆಪ್ಪಗಿತ್ತು. ಬಾಯಿ ಒಣಗಿದಂತಾಗಿ ಚಹಾದ ಲೋಟ ಎತ್ತಿದಳು. ಅದರ ತಳಕ್ಕೆ ಹಳದಿ ಚೀಟಿಯೊಂದು ಅಂಟಿಕೊಂಡು ಬಂತು. ಅವಳದೇ ಅಕ್ಷರ: 'ಪರೀಕ್ಷೆ ಮುಗಿದ ಮೇಲೆ ಅಲಾರಂ ಮತ್ತೆ ಆನ್ ಮಾಡು.' ಬೆಳಿಗ್ಗೆ ಹೊಸ ಸಾಫ್ಟ್‌ವೇರ್ ಹಾಕುವಾಗ, ಸುಮ್ಮಸುಮ್ಮನೆ ಕೂಗುತ್ತದೆಂದು ಅವಳೇ ಅದರ ಬಾಯಿ ಮುಚ್ಚಿಸಿದ್ದಳು. ಅಲಾರಂ ಆಫ್ ಆಗಿದ್ದಾಗ, ಏನೇ ಕೆಟ್ಟಿದ್ದರೂ ಪರದೆ ಹಸಿರು ಬಿಟ್ಟು ಬೇರೇನನ್ನೂ ತೋರಿಸುವುದಿಲ್ಲ.

ಮೊಬೈಲ್ ತೆಗೆದು ಆಂಬುಲೆನ್ಸ್ ನಂಬರನ್ನೇ ಒತ್ತಿದಳು. ಅವಳ ಕಿವಿಯಲ್ಲಿ ರಿಂಗಾಯಿತು. ಕೋಣೆಯ ಆರು ಫೋನುಗಳಲ್ಲಿ ಒಂದೂ ಮಿಸುಕಲಿಲ್ಲ.

"ಯಾರಿಗಮ್ಮಾ ಫೋನು? ಮುಖ ಯಾಕೆ ಹಂಗೆ ಬಿಳಿಚ್ಕೊಂಡಿದೆ?" ಎಂದಳು ಅಕ್ಕ.

"ನಮಗೇ ಅಕ್ಕಾ," ಎನ್ನುವಷ್ಟರಲ್ಲಿ ರಿಂಗ್ ನಿಂತಿತು. ಮೊದಲೇ ರೆಕಾರ್ಡ್ ಮಾಡಿಟ್ಟ ಇಂಪಾದ ದನಿಯೊಂದು ಅವಳ ಕಿವಿಯಲ್ಲಿ ಹೇಳಿತು: "ದಯವಿಟ್ಟು ಕಾಯಿರಿ. ನಿಮಗಿಂತ ಮುಂದೆ ಮೂವತ್ತೊಂದು ಮಂದಿ ಸಾಲಿನಲ್ಲಿದ್ದಾರೆ."