ಹಾಲೇಶಪ್ಪ ಮೇಷ್ಟ್ರು ಅಂಕ ಹಾಕಿದ ಕಾರುಗಳು

ಸೀಟಿನಲ್ಲಿ ಕೂತವರ ಗುಣ ಅಳೆದು, ಕಾರೇ ತನ್ನ ಮೈಲೇಜನ್ನೂ ಸುರಕ್ಷತೆಯ ಸ್ಟಾರುಗಳನ್ನೂ ಗಾಜಿನ ಮೇಲೆ ತೋರಿಸುವ ಕಾಲ. ಹಾಲೇಶಪ್ಪ ಮೇಷ್ಟ್ರು ಒಂದನ್ನು ಕೊಳ್ಳಲೆಂದು ಆರು ತಿಂಗಳಿಂದ ಸಣ್ಣ ಕಾರುಗಳಿಗೆ ನೋಟ್‌ಬುಕ್ಕಿನಲ್ಲಿ ಅಂಕ ಹಾಕುತ್ತಿದ್ದರು. ಯಾವುದರ ಸ್ಟೇರಿಂಗ್ ಹಿಡಿದರೂ ಎರಡೇ ಸ್ಟಾರು, ಲೀಟರಿಗೆ ಹನ್ನೊಂದೇ ಕಿಲೋಮೀಟರು.

"ಬರೀ ತಗಡು, ದುಡ್ಡು ದಂಡ!" ಎಂದು ಏಳನೆಯದನ್ನೂ ಫೇಲು ಮಾಡಿ ಇಳಿದರು.

ಅವರದೇ ಶಾಲೆಯ ವ್ಯಾನು ಓಡಿಸುವ ಹೆಂಡತಿ ಕೊಟ್ರಮ್ಮ ಆ ಸೀಟಿಗೆ ಸರಿದು ಕೂತರು. ಐದು ಸ್ಟಾರು ಬೆಳಗಿದವು, ಮೈಲೇಜು ಇಪ್ಪತ್ತಾರಕ್ಕೇರಿತು.

ಮೇಷ್ಟ್ರು ಹಿಂದಿನ ಸೀಟಿಗೆ ಹತ್ತಿ, "ಕ್ಲಚ್ ಮೆಲ್ಲಗೆ ಬಿಡೇ," ಎಂದರು. ಒಂದು ಸ್ಟಾರು ಆರಿತು.

"ನೀವು ಸುಮ್ನಿರ್ರೀ."

ಸುಮ್ಮನಾದರು. ಸ್ಟಾರು ಮತ್ತೆ ಹೊತ್ತಿತು.

ಮೇಷ್ಟ್ರು ನೋಟ್‌ಬುಕ್ ಬಿಚ್ಚಿ ಏಳೂ ಕಾರುಗಳನ್ನು ಪಾಸು ಮಾಡಿದರು. ಎಂಟನೆಯ ಸಾಲಿನಲ್ಲಿ ತಮ್ಮ ಹೆಸರು ಬರೆದು, ಎದುರಿಗೆ ದುಂಡಗಿನ ಅಕ್ಷರದಲ್ಲಿ 'ಫೇಲು' ಎಂದು ಬರೆದರು.