ದಕ್ಷಿಣ ಯಾವ ಕಡೆ?

“ಜಂಬೂದ್ವೀಪೇ, ಭರತವರ್ಷೇ...” ಎಂದು ಶ್ರೀಧರ ಭಟ್ಟರು ಸಂಕಲ್ಪ ಶುರು ಮಾಡಿದ್ದೇ ತಡ, ಫೋನಿನೊಳಗಿಂದ ಮಹಿಮಾ ತಡೆದಳು. “ಮಾವ, ನಾನೀಗ ಅಲ್ಲಿಲ್ಲ.”

ಭಟ್ಟರು ಕುಳಿತಿದ್ದದ್ದು ಮೆಣಸೆಯ ತಮ್ಮ ಮನೆಯ ಜಗಲಿಯಲ್ಲಿ. ತಂಗಿಯ ಮಗಳು ಇದ್ದದ್ದು ಜಯಪುರದ ಹಳೆಯ ಕಾಫಿ ಗೋದಾಮಿನಲ್ಲಿ, ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಆದರೆ ಗೋದಾಮಿನೊಳಗೆ ಕಟ್ಟಿದ ತಗಡಿನ ಕೋಣೆ ಹೊಕ್ಕ ದಿನದಿಂದ ಅವಳ ಲೋಕವೇ ಬೇರೆ. ಮಂಗಳ, ಗುರು ಗ್ರಹಗಳ ನಡುವೆ ಸುತ್ತುವ ಒಂದು ಬಂಡೆಯನ್ನು ಕೊರೆದು ಒಳಗೆ ಊರು ಕಟ್ಟಿದರೆ ಮನುಷ್ಯರು ಹೇಗೆ ಬಾಳಿಯಾರು ಎಂದು ನೋಡಲು ವಿಜ್ಞಾನಿಗಳು ಅವಳೂ ಸೇರಿ ನಾಲ್ವರನ್ನು ಅರವತ್ತು ದಿನ ಕೂಡಿಹಾಕಿದ್ದರು. ಅಷ್ಟು ದಿನವೂ ಆ ಬಂಡೆಯೊಳಗೇ ಇದ್ದೇವೆಂದು ಬದುಕಬೇಕು. ನಡುವೆ ಬಾಗಿಲು ತೆರೆದರೆ ನಾಲ್ವರ ಶ್ರಮವೂ ಮಣ್ಣುಪಾಲು.

ಇವತ್ತು ಅವಳ ಅಮ್ಮನ ವರ್ಷದ ತಿಥಿ. ಅಪ್ಪನೂ ಇಲ್ಲ, ಒಬ್ಬಳೇ ಮಗಳು. ಮಧ್ಯಾಹ್ನ ಕಳೆಯುವುದರೊಳಗೆ ಅವಳ ಕೈಯಿಂದ ಎಳ್ಳುನೀರು ಬೀಳದಿದ್ದರೆ ಮೊದಲ ವರ್ಷದ್ದೇ ತಪ್ಪಿಹೋಗುತ್ತದೆ. ಹೆಣ್ಣುಮಕ್ಕಳು ಎಳ್ಳುನೀರು ಬಿಡಬಹುದೇ ಎಂಬ ತಕರಾರನ್ನು ಭಟ್ಟರು ನಿನ್ನೆಯೇ ನುಂಗಿಕೊಂಡಿದ್ದರು. ತಂಗಿಯ ಮೇಲಿನ ಅಕ್ಕರೆ ಶಾಸ್ತ್ರಕ್ಕಿಂತ ಒಂದು ಗುಲಗಂಜಿ ಹೆಚ್ಚೇ ತೂಗಿತ್ತು.

“ಹಾಗಾದ್ರೆ ಯಾವ ದ್ವೀಪ ಅಂತ ಹೇಳ್ಲೆ?”

“ದ್ವೀಪ ಎಲ್ಲಿಂದ ಬರ್ಬೇಕು ಮಾವ? ಬರೀ ಕಲ್ಲು.”

“ಹತ್ತಿರ ಎಂತಾದ್ರೂ ನದಿ? ನಾವು ತುಂಗೆಯ ತೀರ ಅಂತೀವಲ್ಲ, ಹಾಗೆ?”

“ಕುಡಿಯೋ ನೀರನ್ನೇ ಸೋಸಿ ಸೋಸಿ ಕುಡೀತಿದೀವಿ.”

“ಹೋಗ್ಲಿ, ಹೊತ್ತು ಎಷ್ಟಾತು ಅಲ್ಲಿ?”

“ಬೆಳಗಿಂದ ಮೂರು ಸಲ ಸೂರ್ಯ ಹುಟ್ಟಿದ. ಈಗ ಮತ್ತೆ ಮುಳುಗ್ತಿದಾನೆ.” ಅವಳ ಮುಖದ ಮೇಲಿನ ದೀಪದ ಬೆಳಕು ಆಗಲೇ ಕೆಂಪಾಗುತ್ತಿತ್ತು.

ಭಟ್ಟರ ತಲೆ ಗಿರ್ರೆಂದಿತು. ನಲವತ್ತು ವರ್ಷ ಪಂಚಾಂಗ ನೋಡಿ ಊರಿಗೆಲ್ಲ ಮುಹೂರ್ತ ಇಟ್ಟವರಿಗೆ ಇವತ್ತು ಯಾವ ಪುಟ ತೆರೆಯಬೇಕೆಂದೇ ತಿಳಿಯಲಿಲ್ಲ. ಜಯಪುರ ಎಂದರೆ ಹುಡುಗಿ ಒಪ್ಪುವುದಿಲ್ಲ; ಕಲ್ಲು ಎಂದರೆ ಪಿತೃಗಳಿಗೆ ವಿಳಾಸ ಸಿಗುವುದಿಲ್ಲ. ಇದ್ದ ಜಾಗದಲ್ಲಿ ಎಂಬರ್ಥ ಬರುವಂತೆ ಸಂಸ್ಕೃತದಲ್ಲಿ ಏನೋ ತೇಲಿಸಿ ಮುಂದೆ ಹೋದರು.

“ಎಳ್ಳು ಹಿಡ್ಕೊ. ದಕ್ಷಿಣಕ್ಕೆ ತಿರುಗಿ ಕೂರು.”

“ದಕ್ಷಿಣ ಯಾವ ಕಡೆ ಮಾವ? ಈ ಕಲ್ಲು ಒಂದೇ ಸಮ ಉರುಳ್ತಾ ಇರುತ್ತೆ.”

“ದಕ್ಷಿಣ ಅಂದ್ರೆ ಎಂತ ಮಾರಾಯ್ತಿ, ಪಿತೃಗಳ ದಿಕ್ಕು! ನಿನ್ನ ಅಮ್ಮ, ಅಜ್ಜ, ಹೋದವರೆಲ್ಲ ಇರೋ ಕಡೆ. ಅಲ್ಲಿಗೆ ಮುಖ ಮಾಡಿದ್ರೆ ಆತು.” ಕಡೆಗೂ ಒಂದು ದಾರಿ ಸಿಕ್ಕಿತೆಂದು ಭಟ್ಟರಿಗೆ ಸಮಾಧಾನವಾಯಿತು.

ಕಿಟಕಿಯ ಬದಲು ಗೋಡೆಗೆ ಕೂಡಿಸಿದ್ದ ಪರದೆಯೂ ತಾನೂ ಕಾಣುವಂತೆ ಮಹಿಮಾ ಫೋನು ತಿರುಗಿಸಿಟ್ಟಳು. ಕಡುಕಪ್ಪಿನ ನಡುವೆ ಒಂದೇ ಒಂದು ನೀಲಿ ಚುಕ್ಕೆ. “ಅದು ಭೂಮಿ ಮಾವ. ಹೋದವರೆಲ್ಲ ಅಲ್ಲೇ.” ಚುಕ್ಕೆಗೆ ಎದುರಾಗಿ ಕುಳಿತು, ಎಳ್ಳು ಹಿಡಿದ ಅಂಗೈಗೆ ನೀರು ಹಾಕಿಕೊಂಡು, ಮಂತ್ರಕ್ಕಾಗಿ ಕಾದಳು.

ಭಟ್ಟರು ಕನ್ನಡಕ ಏರಿಸಿ ಚುಕ್ಕೆಯನ್ನು ನೋಡಿದರು. ಹಾಗಾದರೆ ಅದರೊಳಗೆ ಮೆಣಸೆ, ಈ ಜಗಲಿ, ಜಗಲಿಯ ಮೇಲೆ ತಾವು. ಒಳಗೆ ವಡೆ ಕರಿಯುತ್ತಿರುವ ಹೆಂಡತಿ. ಬಾಯಿಗೆ ಬಂದ ಮಂತ್ರ ಅಲ್ಲೇ ನಿಂತಿತು. ಫೋನಿನಲ್ಲಿ ಮಹಿಮಾಳ ಅಂಗೈ ಮೆಲ್ಲಗೆ ವಾಲತೊಡಗಿತ್ತು.

“ತಡಿ, ತಡಿ ಕೂಸೆ, ನೀರು ಬಿಡ್ಬೇಡ!” ಭಟ್ಟರು ಕೂಗಿಕೊಂಡರು. “ನಾವಿನ್ನೂ ಇದೀವಿ!”