ತೊಟ್ಟಿಯಲ್ಲಿ ಹದಿನೆಂಟು ದಿನ

ಉಗ್ರಾಣದವನು ಬಗ್ಗಿದ. ಕೆಳಗೆ ಬಿದ್ದ ಟವೆಲನ್ನು ಎತ್ತಿಕೊಂಡ. ಸೊಂಟ ಹಿಡಿದುಕೊಳ್ಳಲಿಲ್ಲ, ಮುಖ ಕಿವುಚಲಿಲ್ಲ.

ಹಾಟ್ ಟಬ್ಬಿನ, ಅಂದರೆ ಬಿಸಿನೀರಿನ ತೊಟ್ಟಿಯ, ಒಂದು ಮೂಲೆಯಲ್ಲಿ ಕತ್ತಿನವರೆಗೆ ಮುಳುಗಿ ಕೂತಿದ್ದ ಭೂತಗನ್ನಡಿ ಇದನ್ನು ನೋಡಿಯೂ ನೋಡದವನಂತೆ ಕಣ್ಣು ಮುಚ್ಚಿಕೊಂಡ. ಟವೆಲು ಎಡಗೈಯಲ್ಲಿ ಎತ್ತಿದನೋ ಬಲಗೈಯಲ್ಲೋ ಅನ್ನುವುದೂ ಅವನ ತಲೆಯಲ್ಲಿ ದಾಖಲಾಗಿತ್ತು.

ಭೂತಗನ್ನಡಿ ಅನ್ನುವುದು ಕಂಪನಿಯವರು ಅವನಿಗೆ ಇಟ್ಟ ಹೆಸರು. ರಜೆ ವಿಭಾಗದ ಗುಮಾಸ್ತ. ಸುಳ್ಳು ಕಾಯಿಲೆ ಹೇಳಿ ರಜೆ ಹಾಕಿದವರನ್ನು ಹಿಡಿಯುವುದರಲ್ಲಿ ಎತ್ತಿದ ಕೈ. ಅವನ ವರದಿಯನ್ನು ಇದುವರೆಗೆ ಯಾರೂ ಅಲ್ಲಗಳೆದಿರಲಿಲ್ಲ. ಅದಕ್ಕೆ ಅವನದೇ ಒಂದು ಪದ್ಧತಿಯಿತ್ತು. ಆಸಾಮಿ ಏನು ಮಾಡಿದ ಅನ್ನುವುದರ ಪಕ್ಕದಲ್ಲೇ ಆ ಗಳಿಗೆಯಲ್ಲಿ ತಾನು ಎಲ್ಲಿದ್ದೆ, ಏನು ಮಾಡುತ್ತಿದ್ದೆ ಅನ್ನುವುದನ್ನೂ ಬರೆಯುತ್ತಿದ್ದ. ಕಣ್ಣಾರೆ ಕಂಡವನ ಮಾತಿಗೆ ಎದುರಾಡುವವರು ಯಾರು?

ಈ ಸಲ ಅವನೂ ರಜೆಯಲ್ಲಿದ್ದ. ದೂರದ ಶಾಖೆಗೆ ವರ್ಗವಾದ ಆದೇಶ ಕೈಗೆ ಬಂದ ದಿನವೇ ಅವನ ಬೆನ್ನು ಹಿಡಿದುಕೊಂಡಿತ್ತು. ಎಷ್ಟರಮಟ್ಟಿಗೆ ಹಿಡಿದುಕೊಂಡಿತ್ತು ಅನ್ನುವುದು ಅವನಿಗೂ ಹೆಂಡತಿಗೂ ಚೆನ್ನಾಗಿ ಗೊತ್ತಿತ್ತು. ಈಗಷ್ಟೇ ಕಟ್ಟಿಸಿದ ಮನೆ, ಮಗಳ ಕೊನೇ ವರ್ಷದ ಓದು ಎಲ್ಲ ಬಿಟ್ಟು ಹೋಗುವುದಕ್ಕಿಂತ ಗೋಡೆ ಹಿಡಿದು ನಡೆಯುವುದೇ ವಾಸಿ ಎಂದು ಇಬ್ಬರೂ ತೀರ್ಮಾನಿಸಿದ್ದರು.

ಮ್ಯಾನೇಜರು, ಪಾಪ, ಕನಿಕರ ತೋರಿಸಿದರು.

"ಬಿಸಿನೀರಲ್ಲಿ ಕೂತ್ರೆ ಬೆನ್ನಿಗೆ ಒಳ್ಳೇದಂತೆ. ಊರಲ್ಲೇ ಒಂದು ಚಿಕಿತ್ಸಾ ಕೇಂದ್ರ ಇದೆ, ಹದಿನೆಂಟು ದಿನ ಕಂಪನಿಯೇ ಕಳಿಸುತ್ತೆ, ಹೋಗಿ. ಅಲ್ಲಿಗೆ ಬೇರೆ ಶಾಖೆಯ ಉಗ್ರಾಣದವನೊಬ್ಬ ಬರ್ತಾನೆ. ಮೂರು ತಿಂಗಳಿಂದ ಬೆನ್ನುನೋವಿನ ರಜೆ. ಕೂತಲ್ಲೇ ಒಂದು ಕಣ್ಣಿಟ್ಟಿರಿ. ಕೇಸು ಗಟ್ಟಿಯಾದ್ರೆ ನಿಮ್ಮ ವರ್ಗಾವಣೆ ವಿಷಯ ನಾನೇ ತೀರ್ಮಾನ ಮಾಡ್ತೀನಿ."

ಉಗ್ರಾಣದವನು ಮಾತಿನ ಮಲ್ಲ. "ಈ ನೀರು ಕೀಲಿನ ಬಿಗಿ ಬಿಡಿಸುತ್ತೆ ಸಾರ್. ನಿದ್ದೆ ಚೆನ್ನಾಗಿ ಬರುತ್ತೆ. ನನ್ನ ಸಿಟ್ಟು ಕೂಡ ಇಳಿದಿದೆ, ಬೇಕಾದ್ರೆ ನಮ್ಮ ಮನೇಲಿ ಕೇಳಿ."

ಸುಳ್ಳಲ್ಲ. ವಾರ ಕಳೆಯುವುದರೊಳಗೆ ಭೂತಗನ್ನಡಿಗೂ ಹಾಸಿಗೆಗೆ ಬಿದ್ದ ತಕ್ಷಣ ನಿದ್ದೆ ಹತ್ತತೊಡಗಿತು. ಕತ್ತಿನ ಹಳೇ ಸೆಳೆತ ಹೇಳಹೆಸರಿಲ್ಲದಂತೆ ಮಾಯವಾಯಿತು.

"ಇಲ್ಲದ ಬೆನ್ನುನೋವಿನಿಂದ ಇಷ್ಟೊಂದು ಉಪಕಾರ ಆಗುತ್ತೆ ಅಂತ ಗೊತ್ತಿದ್ರೆ ಮೊದಲೇ ಬರಿಸ್ಕೋಬಹುದಿತ್ತು, ಅಲ್ವೇನ್ರೀ," ಅಂದಳು ಹೆಂಡತಿ.

ಆಸಾಮಿಯೂ ದಿನದಿಂದ ದಿನಕ್ಕೆ ಚುರುಕಾದ. ಒಂದು ದಿನ ಲಿಫ್ಟ್ ಬಿಟ್ಟು, "ಬನ್ನಿ ಸಾರ್, ಮೆಟ್ಟಿಲು ಹತ್ತೋಣ," ಅಂದ. ಇನ್ನೊಂದು ದಿನ ತೊಟ್ಟಿಯ ಮರದ ಮುಚ್ಚಳಕ್ಕೆ ಕೈ ಹಾಕಿ, "ಆ ಕಡೆ ಸ್ವಲ್ಪ ಹಿಡೀತೀರಾ?" ಅಂದ. ಹಿಂಜರಿದರೆ ಅವನಿಗೆ ಅನುಮಾನ ಬರುವುದಿಲ್ಲವೇ? ಭೂತಗನ್ನಡಿ ಹತ್ತಿದ, ಹಿಡಿದ, ಮನೆಗೆ ಬಂದು ಎಲ್ಲವನ್ನೂ ಬರೆದಿಟ್ಟ.

ಕೊನೆಯ ದಿನ ಉಗ್ರಾಣದವನು ನೀರಿನಿಂದ ಎದ್ದು ಕೈಮುಗಿದ. "ನಿಮ್ಮನ್ನ ಮರೆಯಲ್ಲ ಸಾರ್. ನನ್ನಿಂದ ಏನಾದ್ರೂ ತೊಂದರೆ ಆದ್ರೆ ಬೇಜಾರು ಮಾಡ್ಕೋಬೇಡಿ."

ಭೂತಗನ್ನಡಿಯೂ ಕೈಮುಗಿದ. ಇಂಥ ಸಾಧು ಮನುಷ್ಯನ ಹೊಟ್ಟೆಯ ಮೇಲೆ ಹೊಡೆಯಬೇಕಲ್ಲ ಎಂದು ನಿಜಕ್ಕೂ ನೊಂದುಕೊಂಡ. ಆದರೆ ಮಗಳು ಕಣ್ಮುಂದೆ ಬಂದಳು. ಆ ಸಂಜೆಯೇ ವರದಿ ಮುಗಿಸಿ ಸಹಿ ಹಾಕಿದ.

ಮರುದಿನ ಮ್ಯಾನೇಜರು ಅದನ್ನು ಗಟ್ಟಿಯಾಗಿ ಓದಿದರು.

"ಹನ್ನೊಂದನೇ ದಿನ. ಆಸಾಮಿ ನಾಲ್ಕು ಮಹಡಿ ಹತ್ತಿದ. ನಾನು ಅವನಿಗಿಂತ ಎರಡು ಮೆಟ್ಟಿಲು ಮುಂದಿದ್ದೆ. ಹದಿನಾಲ್ಕನೇ ದಿನ. ಆಸಾಮಿ ತೊಟ್ಟಿಯ ಭಾರದ ಮುಚ್ಚಳ ಎತ್ತಿದ. ಇನ್ನೊಂದು ತುದಿ ನನ್ನ ಕೈಯಲ್ಲಿತ್ತು."

"ಒಂದಕ್ಷರ ತೆಗೆಯೋ ಹಾಗಿಲ್ಲ," ಎಂದು ಮೆಚ್ಚಿಕೊಂಡರು. "ನಿಮ್ಮ ಸಹಿ ಇದೆ. ಸಾಕ್ಷಿಯ ಸಹಿ ಒಂದು ಬಿದ್ರೆ ಆಯ್ತು." ಗಂಟೆ ಒತ್ತಿದರು.

ಬಾಗಿಲು ತಳ್ಳಿಕೊಂಡು ಬಂದ ಉಗ್ರಾಣದವನು ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ. ಕೊರಳಲ್ಲಿ ಮುಖ್ಯ ಕಚೇರಿಯ ತನಿಖಾಧಿಕಾರಿಯ ಕಾರ್ಡು ನೇತಾಡುತ್ತಿತ್ತು. ಮ್ಯಾನೇಜರು ಎದ್ದು ನಿಂತು ಕುರ್ಚಿ ತೋರಿಸಿದರು.

"ಬನ್ನಿ ಸಾರ್. ನೀವು ಬೇರೆ ವರದಿ ಬರೆಯೋ ಕಷ್ಟವೇ ಇಲ್ಲ, ಇವರ ಬೆನ್ನಿನ ಬಗ್ಗೆ ಇವರೇ ಬರ್ಕೊಟ್ಟಿದ್ದಾರೆ."